ಹುಣಸೆ ಬೀಜದ ಸದ್ದು

"ಗುರುಗಳೇ, ಹನ್ನೆರಡು ವರ್ಷದ ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಮಲ್ಲಾರಾಧ್ಯ. ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರು ಮತ್ತು ಏಳನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದ. ಭಾನುವಾರಗಳಂದು ಮಠಕ್ಕೆ ಬರುತ್ತಿದ್ದ. ಆ ಭಾನುವಾರ ಜೊತೆಗೊಂದು ನೋಟ್‌ಬುಕ್ಕು ತಂದಿದ್ದ.

ತಾನು ಮಾಡಿದ್ದನ್ನೆಲ್ಲ ಅವನು ಹೇಳಿದ. ತರಗತಿಯ ಮೂಲೆಯಲ್ಲಿ ಚಾಪೆ ಹಾಸಿ ಪುಸ್ತಕ ಜೋಡಿಸಿದ್ದ. ಮಕ್ಕಳು ಚಾಪೆಯನ್ನು ಮಲಗಲು ಬಳಸಿದರು. ಹೆಚ್ಚು ಓದಿದವರಿಗೆ ಪೆನ್ಸಿಲ್ ಡಬ್ಬಿ ಇಟ್ಟಿದ್ದ. ಡಬ್ಬಿ ಸಿಕ್ಕ ಹುಡುಗ ಮರುದಿನದಿಂದ ಪುಸ್ತಕ ಮುಟ್ಟಲಿಲ್ಲ. ಕೊನೆಗೆ ದಿನವೂ ಪ್ರತಿಯೊಬ್ಬರಿಂದ ಗಟ್ಟಿಯಾಗಿ ಓದಿಸಿ, ಅವರವರ ತಪ್ಪುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತ ಬಂದಿದ್ದ. ತಪ್ಪು ಕಡಿಮೆಯಾಗಿತ್ತು. ರುಚಿ ಹತ್ತಿರಲಿಲ್ಲ.

ಗುರುಗಳು ನೋಟ್‌ಬುಕ್ಕನ್ನು ತೆಗೆದುಕೊಂಡು ನಾಲ್ಕು ಪುಟ ತಿರುವಿದರು. ಹೆಸರು, ದಿನಾಂಕ, ಕೆಂಪು ಶಾಯಿಯಲ್ಲಿ ತಪ್ಪಿನ ಲೆಕ್ಕ. ಅಂದು ಸೆಕೆಯಿತ್ತು. ಅವರು ನೋಟ್‌ಬುಕ್ಕಿನಿಂದ ಗಾಳಿ ಬೀಸಿಕೊಳ್ಳುತ್ತ ಈ ಕತೆ ಹೇಳಿದರು.

ಒಂದು ನೇಕಾರರ ಊರು. ಆ ಊರಿನಲ್ಲಿ ಯಾರಾದರೂ ಸತ್ತರೆ ಅವರಿಗೆ ಹತ್ತು ದಿನ ಕತೆ ಓದಿ ಹೇಳುವ ಪದ್ಧತಿಯಿತ್ತು.

ಸತ್ತವರು ಹತ್ತು ದಿನ ಮನೆಯಲ್ಲೇ ಇರುತ್ತಾರೆ ಎಂದು ಅವರು ನಂಬಿದ್ದರು. ಸುಮ್ಮನೆ ಕೂರಿಸಿದರೆ ಸತ್ತವರಿಗೂ ಬೇಸರವಾಗುತ್ತದೆ. ಬೇಸರವಾದವರು ಏನಾದರೂ ಮಾಡುತ್ತಾರೆ. ಆದ್ದರಿಂದ ಪ್ರಾಣ ಹೋದ ಕೋಣೆಯಲ್ಲಿ ಒಂದು ಮಣೆ ಹಾಕಿ, ಅದರ ಮೇಲೆ ಹಿತ್ತಾಳೆ ಲೋಟದಲ್ಲಿ ನೀರಿಡುತ್ತಿದ್ದರು. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಒಬ್ಬರು ಒಳಗೆ ಹೋಗಿ, ಬಾಗಿಲು ಮುಂದೆ ಮಾಡಿಕೊಂಡು, ಮಣೆಯ ಎದುರು ಕೂತು ಓದುತ್ತಿದ್ದರು. ಆಗ ಬೇರೆ ಯಾರೂ ಒಳಗೆ ಹೋಗುವಂತಿಲ್ಲ. ಓದುವವರನ್ನು ಯಾರೂ ತಡೆಯುವಂತಿಲ್ಲ. ಒಂಬತ್ತು ದಿನ ಕತೆಯನ್ನು ಅರ್ಧಕ್ಕೆ ನಿಲ್ಲಿಸಬೇಕು. ಹತ್ತನೆಯ ದಿನ ಮುಗಿಸಲೇಬೇಕು. ಮುಗಿದರೆ ಸತ್ತವರು ಎದ್ದು ಹೋಗುತ್ತಾರೆ, ಮಣೆ ಎತ್ತಬಹುದು. ಮುಗಿಯದಿದ್ದರೆ ಹೋಗುವುದಿಲ್ಲ. ಯಾರು ಓದಬೇಕೆಂಬುದನ್ನು ಸಾಯುವವರೇ ಹೇಳಿ ಸಾಯಬೇಕು.

ಇದನ್ನು ನೀನು ನಂಬಬೇಕಾಗಿಲ್ಲ. ನಾನೂ ನಂಬುವುದಿಲ್ಲ. ಅವರು ನಂಬಿದ್ದರು, ಕತೆಗೆ ಅಷ್ಟು ಸಾಕು.

ಆ ಊರಿನ ಶಾಲೆಗೆ ಅಂಟಿಕೊಂಡು ಒಬ್ಬ ನೇಕಾರನ ಮನೆಯಿತ್ತು. ಎರಡಕ್ಕೂ ನಡುವೆ ಒಂದೇ ಮಣ್ಣಿನ ಗೋಡೆ. ಗೋಡೆಯ ಈಚೆ ನೇಕಾರನ ತಾಯಿ ಕೂತು ಮಗನ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಆಚೆ ಏಳನೆಯ ತರಗತಿ ನಡೆಯುತ್ತಿತ್ತು. ಮುದುಕಿಗೆ ಓದು ಬರುತ್ತಿರಲಿಲ್ಲ. ಕಿವಿ ಚುರುಕಾಗಿತ್ತು.

ಶಾಲೆಯ ಮೇಷ್ಟರು ನಿಷ್ಠಾವಂತರು. ಅವರಿಗೊಂದು ಕ್ರಮವಿತ್ತು. ಮೇಜಿನ ಮೇಲೆ ಹಿತ್ತಾಳೆ ತಂಬಿಗೆ, ಜೇಬಿನಲ್ಲಿ ಹುಣಸೆ ಬೀಜ. ಮಗು ನಿಂತು ಓದಬೇಕು. ತಪ್ಪಿದ ಕೂಡಲೇ ಮೇಷ್ಟರು ಒಂದು ಬೀಜವನ್ನು ತಂಬಿಗೆಗೆ ಹಾಕುತ್ತಿದ್ದರು. ಟಿಣ್ ಎಂದು ಸದ್ದಾಗುತ್ತಿತ್ತು. ಮಗು ಹಿಂದಕ್ಕೆ ಹೋಗಿ ಆ ಸಾಲನ್ನು ಮತ್ತೆ ಓದಬೇಕು. ಮತ್ತೆ ತಪ್ಪಿದರೆ ಮತ್ತೆ ಟಿಣ್. ಅವರು ಯಾರನ್ನೂ ಹೊಡೆಯುತ್ತಿರಲಿಲ್ಲ, ಬಯ್ಯುತ್ತಿರಲಿಲ್ಲ. ಈ ವಿಷಯದಲ್ಲಿ ಅವರಿಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಹಾಜರಿ ಪುಸ್ತಕದಲ್ಲಿ ಅವಳದು ಹದಿನೇಳನೆಯ ಸಂಖ್ಯೆ. ಮೇಷ್ಟರು ಹದಿನೇಳು ಎಂದೇ ಕರೆಯುತ್ತಿದ್ದರು. ಅವಳು ಎದ್ದು ನಿಂತರೆ ತಂಬಿಗೆಗೆ ಬಿಡುವಿಲ್ಲ. ಅವಳು ದಿನಾ ಓದಿದರೆ ಊರಿಗೊಂದು ಹುಣಸೆ ತೋಪಾಗುತ್ತದೆ ಎಂದು ಹಿಂದಿನ ಸಾಲಿನ ಹುಡುಗರು ಹೇಳುತ್ತಿದ್ದರು. ಆ ವರ್ಷವಿಡೀ ಅವಳು ಯಾವ ಪಾಠದ ಮೊದಲ ಪುಟವನ್ನೂ ದಾಟಿರಲಿಲ್ಲ.

ಮುದುಕಿ ಹಾಸಿಗೆ ಹಿಡಿದಳು. ಮಗ ಬಂದು, ಯಾರು ಓದಬೇಕವ್ವ ಎಂದು ಕೇಳಿದ. ಗೋಡೆಯ ಆಚೆ ಟಿಣ್ ಟಿಣ್ ಅನ್ನಿಸಿಕೊಳ್ಳುತ್ತಾಳಲ್ಲ, ಆ ಹುಡುಗಿ ಓದಲಿ ಎಂದಳು ಅವಳು. ಮಗ ಗಾಬರಿಯಾದ.

"ಅವಳು ಓದಿದರೆ ಹತ್ತು ದಿನ ಸಾಲದವ್ವ, ಹತ್ತು ವರ್ಷ ಬೇಕು."

"ಆಗಲೇಳು. ಸತ್ತ ಮೇಲೆ ನನಗೇನು ಅವಸರ? ಆ ಮಗು ಒಂದೊಂದು ಕತೆ ಶುರುಮಾಡೋದನ್ನೂ ಕೇಳಿದೀನಿ. ಆಮೇಲೇನಾಯ್ತು ಅಂತ ಒಂದಾದರೂ ಗೊತ್ತಾಗಲಿಲ್ಲ."

ಮರುದಿನ ಮುದುಕಿ ಸತ್ತಳು.

ನೇಕಾರನಿಗೆ ಒಂದೇ ಚಿಂತೆ. ಅವನ ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ಗಂಡು ಮಗುವಾಗಿತ್ತು. ಅವನಿನ್ನೂ ಮಗನ ಮುಖ ನೋಡಿರಲಿಲ್ಲ. ಮಣೆ ಎತ್ತದ ಮನೆಗೆ ಎಳೆ ಮಗುವನ್ನು ತರುವಂತಿಲ್ಲ. ಹತ್ತನೆಯ ದಿನ ಕತೆ ಮುಗಿಯದಿದ್ದರೆ ಮಗು ಬರುವುದಿಲ್ಲ. ಎಂದಿಗೂ ಮುಗಿಯದಿದ್ದರೆ ಎಂದಿಗೂ ಬರುವುದಿಲ್ಲ. ಸಾಯುವವರ ಮಾತನ್ನು ಮೀರಲೂ ಅವನಿಗೆ ಧೈರ್ಯವಿರಲಿಲ್ಲ. ಅವನು ಹುಡುಗಿಯನ್ನು ಕರೆತಂದ.

ಆ ಮನೆಯಲ್ಲಿ ಇದ್ದದ್ದು ಒಂದೇ ಪುಸ್ತಕ. ರಟ್ಟು ಕಿತ್ತುಹೋಗಿತ್ತು. ಒಬ್ಬ ಕುಂಬಾರನ ಮಗಳು ಕಳೆದುಹೋದ ತಂಗಿಯನ್ನು ಹುಡುಕಿಕೊಂಡು ಏಳು ಬಾಗಿಲಿನ ಕೋಟೆಗೆ ಹೋಗುವ ಕತೆ. ಪ್ರತಿ ಬಾಗಿಲಲ್ಲೂ ಒಬ್ಬ ಕಾವಲುಗಾರ. ಒಳಗೆ ಬಿಡಬೇಕಾದರೆ ಅವನು ಅವಳ ಒಂದು ನೆನಪನ್ನು ಕಿತ್ತುಕೊಳ್ಳುತ್ತಾನೆ.

ಮೊದಲ ದಿನ ಹುಡುಗಿ ಮಣೆಯ ಎದುರು ಕೂತಳು. ಎರಡನೆಯ ಪದಕ್ಕೇ ತಪ್ಪಿದಳು. ತಪ್ಪಿ, ತಲೆ ತಗ್ಗಿಸಿ, ಸದ್ದಿಗಾಗಿ ಕಾದಳು. ಸದ್ದಾಗಲಿಲ್ಲ. ಅವಳು ಮಣೆಯನ್ನು ನೋಡಿದಳು. ಮಣೆ ಸುಮ್ಮನಿತ್ತು. ಮುಂದಿನ ಸಾಲು ಓದಿದಳು. ಮತ್ತೆ ತಪ್ಪಿದಳು, ಮತ್ತೆ ಕಾದಳು. ಅಂದು ಆರು ಸಾಲು ಓದಿ ಹೊರಗೆ ಬಂದಳು. ನೇಕಾರ ಬೆರಳು ಮಡಿಚಿ ಲೆಕ್ಕ ಹಾಕಿ ತಲೆಯ ಮೇಲೆ ಕೈಹೊತ್ತು ಕೂತ.

ಎರಡನೆಯ ದಿನ ಎರಡು ಪುಟ. ಮೂರನೆಯ ದಿನ ಒಂದು ಸಾಲನ್ನು ತಪ್ಪು ಓದಿ, ಅದು ತಪ್ಪೆಂದು ಯಾರೂ ಹೇಳದಿದ್ದರೂ, ಅರ್ಥವಾಗದ್ದರಿಂದ ತಾನೇ ಹಿಂದಕ್ಕೆ ಹೋಗಿ ಮತ್ತೆ ಓದಿದಳು. ಅದನ್ನು ಅವಳು ಗಮನಿಸಲಿಲ್ಲ. ನಾಲ್ಕನೆಯ ದಿನ ಮೊದಲ ಕಾವಲುಗಾರನಿಗೆ ಒಂದು ದನಿ ಬಂತು. ಐದನೆಯ ದಿನ ಎರಡನೆಯವನಿಗೆ ಬೇರೆ ದನಿ. ಹೊರಗೆ ಮಗ್ಗದಲ್ಲಿ ಕೂತ ನೇಕಾರ ಲಾಳಿ ಎಸೆಯುವುದನ್ನು ಮರೆತು ಕೇಳುತ್ತಿದ್ದ.

ಆರನೆಯ ದಿನ ಕೋಣೆಯೊಳಗೆ ಹುಡುಗಿ ನಕ್ಕಳು. ಅವಳ ನಗು ನಿಂತ ಮೇಲೂ ಸ್ವಲ್ಪ ಹೊತ್ತು ನಗು ಕೇಳಿಸಿತು. ಹಳೆಯ ಕೋಣೆ. ಹಳೆಯ ಕೋಣೆಗಳಲ್ಲಿ ಸದ್ದು ತಡವಾಗಿ ಸಾಯುತ್ತದೆ.

ಬೆಳಿಗ್ಗೆ ತುಂಬಿಸಿದ ಲೋಟದಲ್ಲಿ ಸಂಜೆಗೆ ಎರಡು ಬೆರಳಷ್ಟು ನೀರು ಕಡಿಮೆಯಿರುತ್ತಿತ್ತು. ಬೇಸಿಗೆ. ನೀರು ಆರುತ್ತದೆ.

ಇಷ್ಟಾದರೂ ಶಾಲೆಯಲ್ಲಿ ಅವಳು ಅದೇ ಹದಿನೇಳು. ಬೆಳಿಗ್ಗೆ ನಿಂತು ಓದಿದರೆ ಒಂದು ಸಾಲಿಗೆ ಮೂರು ಬೀಜ.

ಎಂಟನೆಯ ದಿನ ಮಧ್ಯಾಹ್ನ ಮೇಷ್ಟರು ಖಾಲಿ ತರಗತಿಯಲ್ಲಿ ಊಟದ ಡಬ್ಬಿ ಮುಚ್ಚುತ್ತಿದ್ದಾಗ ಗೋಡೆಯ ಆಚೆಯಿಂದ ಓದು ಕೇಳಿಸಿತು. ನೇಕಾರ ಪೇಟೆಯಿಂದ ಯಾರನ್ನೋ ಕರೆಸಿದ್ದಾನೆ ಎಂದುಕೊಂಡರು. ದನಿಯ ಗುರುತು ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ಗೋಡೆಗೆ ಕಿವಿಯಿಟ್ಟರು. ಹುಡುಗಿ ನಾಲ್ಕನೆಯ ಬಾಗಿಲಲ್ಲಿದ್ದಳು. ಅಲ್ಲೊಂದು ಒತ್ತಕ್ಷರ ತಪ್ಪಿದಳು. ಮೇಷ್ಟರ ಕೈ ತಾನಾಗಿ ಜೇಬಿಗೆ ಹೋಯಿತು.

ಟಿಣ್.

ಆಚೆ ಓದು ನಿಂತಿತು. ಅಂದು ಮತ್ತೆ ಶುರುವಾಗಲಿಲ್ಲ. ಹುಡುಗಿ ಹೊರಗೆ ಬಂದು, ನಾಳೆಗೆ ಆ ಗೋಡೆಗೊಂದು ಕಂಬಳಿ ಕಟ್ಟಿಕೊಡಿ ಎಂದು ನೇಕಾರನನ್ನು ಕೇಳಿದಳು. ನೇಕಾರ ಎರಡು ಕಂಬಳಿ ಕಟ್ಟಿದ.

ಒಂಬತ್ತನೆಯ ದಿನ ಅವಳು ಹೊತ್ತಿಗೆ ಮುಂಚೆಯೇ ಬಂದು ಕಾದು ಕೂತಿದ್ದಳು. ಅಂದು ನಾಲ್ಕನೆಯ, ಐದನೆಯ, ಆರನೆಯ ಬಾಗಿಲುಗಳನ್ನು ದಾಟಿದಳು. ಆರನೆಯ ಕಾವಲುಗಾರ ಕುಂಬಾರನ ಮಗಳಿಂದ ತಂಗಿಯ ಹೆಸರನ್ನೇ ಕಿತ್ತುಕೊಂಡ. ಯಾರನ್ನು ಹುಡುಕಿಕೊಂಡು ಬಂದೆನೆಂದು ಈಗ ಅವಳಿಗೇ ಗೊತ್ತಿಲ್ಲ. ಅವಳು ಏಳನೆಯ ಬಾಗಿಲ ಮುಂದೆ ನಿಂತಿದ್ದಾಳೆ. ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಾರೆ. ಅಲ್ಲಿಗೆ ನಿಲ್ಲಿಸಿದಳು. ಉಳಿದದ್ದು ಒಂದೇ ಪುಟ.

ನೇಕಾರ ಮಾವನ ಮನೆಗೆ ಹೇಳಿ ಕಳಿಸಿದ. ತೊಟ್ಟಿಲಿಗೆ ಹೊಸ ಹಗ್ಗ ಕಟ್ಟಿದ.

ಹತ್ತನೆಯ ದಿನ ಹುಡುಗಿ ಬಂದಳು. ಮಣೆಯ ಎದುರು ಕೂತಳು. ಕೊನೆಯ ಪುಟ ತೆರೆದಿಟ್ಟುಕೊಂಡಳು. ಓದಲಿಲ್ಲ. ಹೊತ್ತು ಇಳಿಯಿತು. ಪುಸ್ತಕ ಮುಚ್ಚಿಟ್ಟು ಹೊರಗೆ ಬಂದಳು. ಯಾಕೆಂದು ನೇಕಾರ ಕೇಳಿದ.

"ಮುಗಿಸಿದರೆ ಅಜ್ಜಿ ಹೊರಟುಹೋಗುತ್ತಾರೆ. ಆಮೇಲೆ ನಾನು ಯಾರಿಗೆ ಓದಲಿ?"

ನೇಕಾರ ಬೇಡಿಕೊಂಡ. ತೊಟ್ಟಿಲು ತೋರಿಸಿದ. ಹಿರಿಯರು ಬಂದು ಗದರಿದರು. ಅವಳ ತಾಯಿ ಬೆನ್ನಿಗೆ ಎರಡು ಹಾಕಿದಳು. ಹುಡುಗಿ ಅತ್ತಳು, ಒಪ್ಪಲಿಲ್ಲ. ತವರಿನಿಂದ ನೇಕಾರನ ಹೆಂಡತಿ ಹೇಳಿ ಕಳಿಸಿದಳು: ಮಣೆ ಇರುವವರೆಗೆ ನಾನಾಗಲಿ ಮಗುವಾಗಲಿ ಆ ಹೊಸಿಲು ತುಳಿಯುವುದಿಲ್ಲ.

ಹನ್ನೊಂದನೆಯ ದಿನ ಬೇರೆ ದಾರಿ ಕಾಣದೆ ನೇಕಾರ ಮೇಷ್ಟರ ಬಳಿಗೆ ಹೋದ. ಒಂದೇ ಪುಟ ಮೇಷ್ಟ್ರೇ, ನೀವು ಓದಿಬಿಡಿ ಎಂದ. ಮೇಷ್ಟರಿಗೆ ಇದರಲ್ಲೆಲ್ಲ ನಂಬಿಕೆಯಿರಲಿಲ್ಲ. ಆದರೆ ಸ್ಪಷ್ಟವಾದ ಉಚ್ಚಾರಣೆ ಬೇಕಾದಾಗ ಊರು ತನ್ನ ಬಳಿಗೆ ಬಂದದ್ದು ಅವರಿಗೆ ಸರಿ ಎನ್ನಿಸಿತು. ಒಪ್ಪಿದರು.

ಒಂದೇ ಪುಟ ತಾನೆ ಎಂದು ನೇಕಾರ ಅಂದು ಲೋಟಕ್ಕೆ ನೀರು ಹಾಕಲಿಲ್ಲ. ಬರಿಯ ಲೋಟ ಮಣೆಯ ಮೇಲಿತ್ತು. ಮೇಷ್ಟರು ಕೋಣೆಗೆ ಹೋಗಿ ನಿಂತುಕೊಂಡೇ ಓದಿದರು. ಅಲ್ಪಪ್ರಾಣ, ಮಹಾಪ್ರಾಣ, ಒತ್ತಕ್ಷರ, ಎಲ್ಲಿಯೂ ಒಂದು ತಪ್ಪಿಲ್ಲ. ಪುಸ್ತಕ ಮುಚ್ಚಿ ಬಾಗಿಲ ಕಡೆ ತಿರುಗಿದರು.

ಬೆನ್ನ ಹಿಂದೆ ಟಿಣ್ ಎಂದಿತು.

ತಿರುಗಿ ನೋಡಿದರೆ ಲೋಟದ ತಳದಲ್ಲಿ ಒಂದು ಹುಣಸೆ ಬೀಜ. ತನ್ನ ಜೇಬಿನಿಂದಲೇ ಬಿದ್ದಿರಬೇಕು ಎಂದುಕೊಂಡರು. ಜೇಬು ಮುಟ್ಟಿ ನೋಡಿಕೊಂಡರು. ಜೇಬಿಗೆ ತೂತಿರಲಿಲ್ಲ. ಇರಲಿ, ಬೀಜ ಅಂಗೈಗೂ ಅಂಟಿಕೊಂಡಿರುತ್ತದೆ.

ಆದರೂ ಅವರು ಮತ್ತೊಮ್ಮೆ ಓದಿದರು. ಈ ಸಲ ನಿಧಾನವಾಗಿ. ಮುಗಿದ ಕೂಡಲೇ ಟಿಣ್. ಎರಡು ಬೀಜ. ಮೂರನೆಯ ಸಲ ಪದದ ಕೆಳಗೆ ಬೆರಳಿಟ್ಟುಕೊಂಡು, ಮೊದಲ ತರಗತಿಯ ಮಗುವಿನ ಹಾಗೆ ಓದಿದರು. ಮೂರು ಬೀಜ.

ಅವರು ಪುಟವನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು ಅಕ್ಷರ ಅಕ್ಷರವಾಗಿ ನೋಡಿದರು. ತಪ್ಪು ಸಿಗಲಿಲ್ಲ. ಇಪ್ಪತ್ತು ವರ್ಷ ಅವರು ಬೇರೆಯವರ ತಪ್ಪು ಹುಡುಕಿದ್ದರು. ತನ್ನ ತಪ್ಪು ಎಲ್ಲಿದೆಯೆಂದು ತಿಳಿಯದೆ ಸದ್ದು ಕೇಳುವುದು ಹೇಗಿರುತ್ತದೆಂದು ಅವರಿಗೆ ಗೊತ್ತಿರಲಿಲ್ಲ.

ಹೊರಗೆ ಬಂದಾಗ ನೇಕಾರ ಆಸೆಯಿಂದ ಎದ್ದು ನಿಂತ. ಅವನು ಒಂಬತ್ತು ದಿನ ಬಾಗಿಲಾಚೆಯಿಂದ ಕೇಳಿದವನು.

"ಬಾಗಿಲು ತೆಗೆದಳಾ ಮೇಷ್ಟ್ರೇ? ಒಳಗೆ ಬಡೀತಿದ್ದದ್ದು ಯಾರು?"

ಮೇಷ್ಟರು ಉತ್ತರ ಹೇಳಲು ಬಾಯಿ ತೆರೆದರು. ಮೂರು ಸಲ ಓದಿದ್ದರು. ಪುಟದಲ್ಲಿ ಎಷ್ಟು ಒತ್ತಕ್ಷರಗಳಿದ್ದವೆಂದು ಹೇಳಬಲ್ಲವರಾಗಿದ್ದರು. ಒಬ್ಬಳು ಬಾಗಿಲು ತೆಗೆದಳೋ ಇಲ್ಲವೋ ಎಂಬುದು ಗೊತ್ತಿರಲಿಲ್ಲ.

ಮೇಷ್ಟರು ನೆಟ್ಟಗೆ ಶಾಲೆಗೆ ಹೋದರು. ಹಾಜರಿ ಪುಸ್ತಕ ತೆಗೆದು ಹದಿನೇಳರ ಮುಂದೆ ಏನು ಬರೆದಿದೆಯೆಂದು ನೋಡಿಕೊಂಡರು. ಆಮೇಲೆ ಹುಡುಗಿಯ ಮನೆಯ ಬಾಗಿಲಿಗೆ ಹೋಗಿ, "ಚಿಕ್ಕತಾಯಿ" ಎಂದು ಕರೆದರು. ಹುಡುಗಿ ಕೂಡಲೇ ತಿರುಗಲಿಲ್ಲ. ಆ ದನಿಯಲ್ಲಿ ಆ ಹೆಸರನ್ನು ಅವಳು ಕೇಳಿರಲಿಲ್ಲ.

"ಕೊನೆಯ ಪುಟದಲ್ಲಿ ಏನಿದೆ?" ಎಂದರು.

"ನೀವೇ ಓದಿದಿರಂತಲ್ಲ ಸಾ."

"ಮೂರು ಸಲ ಓದಿದೆ. ಏನಾಯಿತು ಅಂತ ಗೊತ್ತಾಗಲಿಲ್ಲ."

ಹುಡುಗಿ ಅವರ ಮುಖವನ್ನು ಬಹಳ ಹೊತ್ತು ನೋಡಿದಳು. ಉತ್ತರ ಗೊತ್ತಿದ್ದೂ ಪ್ರಶ್ನೆ ಕೇಳುವವರನ್ನು ಅವಳು ದಿನವೂ ನೋಡುತ್ತಿದ್ದಳು. ಗೊತ್ತಿಲ್ಲದೆ ಕೇಳುವ ಮೇಷ್ಟರನ್ನು ಇದೇ ಮೊದಲು ನೋಡಿದ್ದು. ಇವರು ಸುಳ್ಳು ಹೇಳುತ್ತಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು.

"ಬರಿಯ ಕೊನೆಯ ಪುಟ ಓದಿದರೆ ಹೇಗೆ ಗೊತ್ತಾಗುತ್ತೆ ಸಾ? ಆರು ಬಾಗಿಲು ದಾಟಿದ ಮೇಲೆ ಅಲ್ಲವಾ ಏಳನೆಯದು? ಮೊದಲಿನಿಂದ ಓದಬೇಕು" ಎಂದಳು. ಎದ್ದು ಮುಂದೆ ಮುಂದೆ ನಡೆದಳು.

ಕೋಣೆಯಲ್ಲಿ ಅವಳು ಲೋಟಕ್ಕೆ ನೀರು ತುಂಬಿದಳು. ಮೂರು ಬೀಜ ತಳದಲ್ಲೇ ಉಳಿದವು. ಲೋಟವನ್ನು ನೆಲದ ಮೇಲಿಟ್ಟಳು. ಮೇಷ್ಟರು, ತಾನು ಎಲ್ಲಿ ಕೂರಲಿ ಎಂದು ಕೇಳಿದರು. ಅವಳು ಮಣೆ ತೋರಿಸಿದಳು.

"ಅಲ್ಲೇ ಕೂತುಕೊಳ್ಳಿ ಸಾ. ಅಜ್ಜಿ ಸರಿದು ಜಾಗ ಬಿಡುತ್ತಾರೆ."

ಸತ್ತವರ ಮಣೆಯ ಮೇಲೆ ಬದುಕಿದವರು ಕೂರುವುದು ಆ ಊರಿನಲ್ಲಿ ಇರಲಿಲ್ಲ. ಬಾಗಿಲಾಚೆ ನಿಂತ ನೇಕಾರ ನಾಲಗೆ ಕಚ್ಚಿಕೊಂಡ. ತೊಟ್ಟಿಲಿನ ನೆನಪಾಗಿ ಸುಮ್ಮನಾದ. ಮೇಷ್ಟರು ಮಣೆಯ ಬಲ ಅಂಚಿನಲ್ಲಿ ಕೂತರು. ಮಣೆ ಇಬ್ಬರಿಗೆ ಸಾಕಾಗುವಷ್ಟು ಉದ್ದವಿತ್ತು. ಎಡಗಡೆಯ ತೋಳು ತಣ್ಣಗಾಯಿತು. ಆ ಕಡೆ ಮಣ್ಣಿನ ಗೋಡೆಯಿತ್ತು. ಮಣ್ಣಿನ ಗೋಡೆ ತಣ್ಣಗೇ ಇರುತ್ತದೆ.

ಹುಡುಗಿ ಮೊದಲ ಪುಟದಿಂದ ಶುರುಮಾಡಿದಳು. ಎದುರಿಗೆ ಮೇಷ್ಟರಿದ್ದದ್ದರಿಂದ ಮೂರನೆಯ ಸಾಲಿನಲ್ಲೇ ತಪ್ಪಿದಳು. ಮೇಷ್ಟರ ಕೈ ಜೇಬಿನೊಳಗೆ ಹೋಯಿತು. ಹೊರಗೆ ಬರಲಿಲ್ಲ. ಯಾರೋ ಮಣಿಕಟ್ಟು ಹಿಡಿದ ಹಾಗಾಯಿತು ಎಂದು ಅವರು ಆಮೇಲೆ ಹೇಳಿದರು. ನಾಚಿಕೆಯಾದಾಗಲೂ ಹಾಗೆಯೇ ಆಗುತ್ತದೆ.

ಸದ್ದಾಗದ್ದನ್ನು ಹುಡುಗಿ ಗಮನಿಸಿದಳು. ಮುಂದಕ್ಕೆ ಓದಿದಳು.

ಮೊದಲ ಬಾಗಿಲವರೆಗೆ ಮೇಷ್ಟರು ತಪ್ಪುಗಳನ್ನು ಕೇಳಿಸಿಕೊಂಡರು. ಎರಡನೆಯ ಬಾಗಿಲಲ್ಲಿ ತಪ್ಪುಗಳೂ ಕೇಳಿಸಿದವು, ಕಾವಲುಗಾರನೂ ಕೇಳಿಸಿದ. ಮೂರನೆಯದರ ನಂತರ ಅವರು ಲೆಕ್ಕ ಬಿಟ್ಟರು. ಕುಂಬಾರನ ಮಗಳು ತಾಯಿ ಹಾಡುತ್ತಿದ್ದ ಜೋಗುಳವನ್ನು ಕಳೆದುಕೊಂಡಾಗ ಅವರು ಕೈಯನ್ನು ಜೇಬಿನಿಂದ ತೆಗೆದು ಮೊಣಕಾಲ ಮೇಲಿಟ್ಟುಕೊಂಡರು. ಕೈಯಲ್ಲಿ ಏನೂ ಇರಲಿಲ್ಲ. ಹೊರಗೆ ಬಿಸಿಲು ಗೋಡೆ ಹತ್ತಿತು. ಮಗ್ಗ ನಿಂತೇ ಇತ್ತು.

ಆರನೆಯ ಬಾಗಿಲು ಮುಚ್ಚಿತು. ಏಳನೆಯದನ್ನು ಒಳಗಿನಿಂದ ಬಡಿಯುವ ಸದ್ದು ಬಂತು. ಹುಡುಗಿ ಅಲ್ಲಿ ತಡೆದಳು. ಪುಟ ತಿರುವಲಿಲ್ಲ.

"ಆಮೇಲೆ?" ಎಂದರು ಮೇಷ್ಟರು.

ಹುಡುಗಿ ತಲೆಯೆತ್ತಿದಳು. ಒಮ್ಮೆ ಅವರ ಕಡೆ ನೋಡಿದಳು, ಒಮ್ಮೆ ಅವರ ಪಕ್ಕಕ್ಕೆ. ಇಬ್ಬರು ಒಟ್ಟಿಗೆ ಕೇಳಿದರು ಎಂದು ಅವಳು ಅಂದು ತಾಯಿಗೆ ಹೇಳಿದಳು. ಕೇಳಿದ್ದು ತಾನೊಬ್ಬನೇ ಎಂದು ಮೇಷ್ಟರು ಕೊನೆಯವರೆಗೂ ಹೇಳುತ್ತಿದ್ದರು. ಬಾಗಿಲಾಚೆ ಇದ್ದ ನೇಕಾರನನ್ನು ವಿಚಾರಿಸಿದರೆ ಅವನು ಮಾತು ಬದಲಿಸುತ್ತಿದ್ದ.

ಅವಳು ಪುಟ ತಿರುವಿ ಓದಿದಳು. ಮುಗಿಯಿತು. ಪುಸ್ತಕ ಮುಚ್ಚಿದಳು.

ಆಮೇಲೆ ಮಣೆಯ ಎಡ ಬದಿ ಒಮ್ಮೆ ಮೇಲೆದ್ದು ಕೂತಿತು. ಪಕ್ಕದಲ್ಲಿ ಕೂತವರು ಎದ್ದುಹೋದರೆ ಮಣೆ ಹಾಗೆ ಅಲುಗುತ್ತದೆ. ನೆಲ ಸಮವಿಲ್ಲದಿದ್ದರೂ ಅಲುಗುತ್ತದೆ. ಮೇಷ್ಟರು ನೆಲವನ್ನು ಕೈಯಿಂದ ತಡವಿ ನೋಡಿದರು. ಸಗಣಿ ಸಾರಿಸಿದ ನೆಲ, ಸಮವಾಗಿತ್ತು.

ಅವರ ಎಡ ತೋಳು ನಿಧಾನವಾಗಿ ಬೆಚ್ಚಗಾಯಿತು.

ಹುಡುಗಿ ಅಳುತ್ತಾಳೆ ಎಂದುಕೊಂಡಿದ್ದರು. ಅವಳು ಅಳಲಿಲ್ಲ. ಬರಿದಾದ ಎಡ ಬದಿಯನ್ನು ನೋಡಿದಳು, ತುಂಬಿದ ಬಲ ಬದಿಯನ್ನು ನೋಡಿದಳು.

"ಶಾಲೆಯಲ್ಲಿ ಬೇರೆ ಕತೆ ಪುಸ್ತಕ ಇದೆಯಾ ಸಾ?"

ಅಲ್ಲಿಂದ ನಾಲ್ಕನೆಯ ದಿನ ನೇಕಾರನ ಮಗ ತೊಟ್ಟಿಲಿಗೆ ಬಂದ. ಲೋಟದ ಮೂರು ಬೀಜಗಳನ್ನು ಹಿತ್ತಿಲಿಗೆ ಎಸೆದರು. ಅಲ್ಲಿ ಈಗ ಮೂರು ಹುಣಸೆ ಮರಗಳಿವೆ ಎಂದು ತೋರಿಸುತ್ತಾರೆ. ಹುಣಸೆ ಮರ ಯಾವ ಹಿತ್ತಿಲಲ್ಲಿಲ್ಲ?

ತೊಳೆದ ಮಣೆಯನ್ನು ಯಾರೂ ಮನೆಯಲ್ಲಿಟ್ಟುಕೊಳ್ಳಲು ಒಪ್ಪದ್ದರಿಂದ ಮೇಷ್ಟರು ಶಾಲೆಗೆ ಒಯ್ದರು. ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಮಣೆಯ ಮೇಲೆ ಕೂತರು. ದಿನವೂ ಕೊನೆಯ ಗಂಟೆಯಲ್ಲಿ ಒಂದು ಮಗು ತನಗೆ ಬೇಕಾದದ್ದನ್ನು ಓದಬೇಕು. ಮೇಷ್ಟರು ಕೇಳಬೇಕು. ಅವರು ಆಡಬಹುದಾದ ಮಾತು ಒಂದೇ, ಆಮೇಲೆ ಎಂಬುದು. ಅದನ್ನೂ ನಿಜವಾಗಿ ತಿಳಿಯಬೇಕು ಅನ್ನಿಸಿದಾಗ ಮಾತ್ರ. ಅನ್ನಿಸದ ದಿನ ಅವರು ಸುಮ್ಮನಿರುತ್ತಿದ್ದರು. ಓದಿದ ಮಗು ಮರುದಿನ ಬೇರೆ ಪುಸ್ತಕ ಹುಡುಕಿ ತರುತ್ತಿತ್ತು. ಎಲ್ಲ ಮಕ್ಕಳೂ ಓದುಗರಾದರು ಎಂದು ನಾನು ಹೇಳುವುದಿಲ್ಲ. ಕೆಲವರಾದರು. ಉಳಿದವರು ಮಗ್ಗಕ್ಕೆ ಹೋದರು. ಅವರೂ ಲಾಳಿ ನಿಲ್ಲಿಸಿ ಕತೆ ಕೇಳುವವರಾದರು.

ಪರೀಕ್ಷಿಸಲು ಬಂದ ಅಧಿಕಾರಿ, ಶಿಕ್ಷಕರು ತರಗತಿಯಲ್ಲಿ ಏನೂ ಕೆಲಸ ಮಾಡದೆ ನೆಲದ ಮೇಲೆ ಕೂತಿರುತ್ತಾರೆ ಎಂದು ಬರೆದು ಹೋದ. ಅವನು ಕಂಡದ್ದನ್ನು ಬರೆದ.

ಸುದ್ದಿ ಹಬ್ಬಿತು. ಸುತ್ತಲ ಹತ್ತು ಶಾಲೆಯವರು ಬಂದು ಮಣೆಯ ಅಳತೆ ತೆಗೆದುಕೊಂಡು ಹೋದರು. ಅದೇ ಮರದಲ್ಲಿ, ಅದೇ ಉದ್ದಕ್ಕೆ, ಬಡಗಿಯಿಂದ ಮಣೆ ಮಾಡಿಸಿದರು. ಅರಿಸಿನ ಕುಂಕುಮ ಹಚ್ಚಿದರು. ಅದರ ಮೇಲೆ ಕೂತು ತಪ್ಪು ಎಣಿಸಿದರು.

ಗುರುಗಳು ಕತೆ ನಿಲ್ಲಿಸಿದರು. ಮಲ್ಲಾರಾಧ್ಯ ಮಣೆಯ ಅಳತೆ ಕೇಳಬೇಕೆಂದಿದ್ದ. ಆ ಮಾತನ್ನು ನುಂಗಿಕೊಂಡ. ಮಠದ ಜಗುಲಿಯಲ್ಲಿ ಅವರಿಬ್ಬರೇ ಇದ್ದರು. ಆದರೂ ಅವನು ಒಮ್ಮೆ ತನ್ನ ಎಡಗಡೆಗೆ ನೋಡಿಕೊಂಡ.

"ಗುರುಗಳೇ, ಆ ಮಣೆಯ ಮೇಲೆ ಮುದುಕಿ ನಿಜವಾಗಿ ಇದ್ದಳೇ?"

ಗುರುಗಳು ಗಾಳಿ ಬೀಸಿಕೊಳ್ಳುವುದನ್ನು ನಿಲ್ಲಿಸಿ ನೋಟ್‌ಬುಕ್ಕನ್ನು ಅವನ ಕೈಗೆ ಕೊಟ್ಟರು.

"ಮಣೆಯ ಮೇಲೆ ಯಾರಿದ್ದರೋ ನನಗೆ ಗೊತ್ತಿಲ್ಲ, ನಿನ್ನ ಕುರ್ಚಿಯ ಮೇಲೆ ಯಾರಿದ್ದಾರೆ?"